ಮಗನನ್ನ ಲೈನ್‌ಗೆ ಹಾಕಿದ್ದಾರೆ ಅಂತ ಬೇಜಾರು ಮಾಡ್ಕೋಬೇಡಿ

ಮಿಷಿಗನ್‌ನ ಕ್ಯಾಂಟನ್‌ನಿಂದ ಅಕ್ಕ ಒಬ್ಬರು ಕೇಳಿದ ಪ್ರಶ್ನೆಗೆ ಗುಂಪಿನಲ್ಲಿ ಆಗಲೇ ಬೇಕಾದಷ್ಟು ಉತ್ತರ ಬಂದಿದೆ. ನಂದೂ ಒಂದಿರಲಿ, ಸ್ವಲ್ಪ ಉದ್ದ ಆಗತ್ತೆ. ಅವರ ಮಗ ಒಂಬತ್ತನೇ ಕ್ಲಾಸು, ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ಟೀಮಿಗೆ ಸೇರಿದ್ದಾನೆ, ಕೋಚ್ ಅವನನ್ನ ಅಫೆನ್ಸಿವ್ ಲೈನ್‌ನಲ್ಲಿ, ಅಂದ್ರೆ ಚೆಂಡಿರೋ ಟೀಮಿನ ಮುಂದೆ ನಿಂತು ಎದುರಿನವರನ್ನ ತಡೆಯೋ ಐವರ ಸಾಲಿನಲ್ಲಿ, ನಿಲ್ಲಿಸಿದ್ದಾರೆ. "ಚೆಂಡನ್ನೇ ಮುಟ್ಟದ ಜಾಗ ಅಂತೆ, ನಮ್ಮ ಹುಡುಗ ಅಂತ ಮೂಲೆಗೆ ತಳ್ಳಿದ್ರಾ?" ಅನ್ನೋದು ಅವರ ಅನುಮಾನ. ಅದರ ಕೆಳಗೆ ಒಬ್ಬರು, "ದಢೂತಿ ಹುಡುಗರನ್ನ ನಿಲ್ಲಿಸೋ ಜಾಗ ಅದು, ತಲೆ ಓಡಿಸೋ ಕೆಲಸ ಏನೂ ಇಲ್ಲ, ಟೆನಿಸ್‌ಗೆ ಹಾಕಿ" ಅಂತ ಬರೆದಿದ್ದಾರೆ. ಟೆನಿಸ್ ಒಳ್ಳೇದೇ. ಆದರೆ ಮಿಷಿಗನ್‌ನಲ್ಲಿ ಮನೆ ಮಾಡ್ಕೊಂಡು, ಯೂನಿವರ್ಸಿಟಿ ಆಫ್ ಮಿಷಿಗನ್ ಇರೋ ಆನ್ ಆರ್ಬರ್‌ನ ಪಕ್ಕದಲ್ಲೇ ಕೂತು ಲೈನ್ ಬಗ್ಗೆ ಹೀಗೆ ಹೇಳೋಕೆ ಧೈರ್ಯ ಬೇಕು!

ಯಾಕೆ ಅಂದ್ರೆ ಈ ರಾಜ್ಯದ ಯೂನಿವರ್ಸಿಟಿ ಟೀಮು ಕಳೆದ ಕೆಲವು ವರ್ಷಗಳಲ್ಲಿ ಏನಾದ್ರೂ ಹೆಸರು ಮಾಡಿದ್ರೆ ಅದು ಲೈನ್‌ನಿಂದಲೇ. 2012ರಿಂದ 2019ರವರೆಗೆ ಮಿಷಿಗನ್ ಒಂದು ಸಲಾನೂ ಪಕ್ಕದ ರಾಜ್ಯದ ಎದುರಾಳಿ ಯೂನಿವರ್ಸಿಟಿ ಒಹಾಯೊ ಸ್ಟೇಟ್‌ನ ಸೋಲಿಸಿರಲಿಲ್ಲ. 2018ರಲ್ಲಿ 62-39ರಿಂದ, ಮರುವರ್ಷ 56-27ರಿಂದ ಸೋತಿತ್ತು. 2020ರಲ್ಲಿ ಕೋವಿಡ್ ಮಧ್ಯೆ ಆಡಿದ್ದೇ ಆರು ಆಟ, ಗೆದ್ದದ್ದು ಎರಡು. ಕೋಚ್ ಜಿಮ್ ಹಾರ್ಬಾ ಅವರ ಸಂಬಳಕ್ಕೇ ಕತ್ತರಿ ಬಿತ್ತು. ಆಗ ಅವರು ಮಾಡಿದ್ದು ದೊಡ್ಡ ಕ್ವಾರ್ಟರ್‌ಬ್ಯಾಕ್‌ನ (ಚೆಂಡು ಎಸೆದು ಆಟ ನಡೆಸೋನು) ಹುಡುಕಿ ತರೋ ಕೆಲಸ ಅಲ್ಲ. ಟೈಟ್ ಎಂಡ್‌ಗಳಿಗೆ (ಲೈನಿನ ತುದಿಯಲ್ಲಿ ನಿಂತು ತಡೆಯೋ, ಚೆಂಡೂ ಹಿಡಿಯೋ ಆಟಗಾರರು) ಹೇಳಿಕೊಡ್ತಿದ್ದ ಶೆರೋನ್ ಮೂರ್‌ಗೆ ಅಫೆನ್ಸಿವ್ ಲೈನ್ ಒಪ್ಪಿಸಿದ್ರು. ಪ್ರ್ಯಾಕ್ಟೀಸ್‌ನಲ್ಲಿ "ಬೀಟ್ ಒಹಾಯೊ" ಅಂತ ಹೆಸರಿಟ್ಟು ಒಂದು ಪಾಳಿಯನ್ನೇ ಮೀಸಲಿಟ್ಟರು. ಅಲ್ಲಿ ಚೆಂಡು ಎಸೆಯೋದಿಲ್ಲ, ಹಿಡಿದು ಓಡೋ ಆಟ ಮಾತ್ರ, ಎದುರುಬದುರು ನಿಂತು ತಳ್ಳೋದು, ಅಷ್ಟೇ.

ಫಲ ಮರುವರ್ಷವೇ ಕಾಣಿಸ್ತು. 2021ರ ನವೆಂಬರ್ 27, ಆನ್ ಆರ್ಬರ್‌ನಲ್ಲಿ ಹಿಮ ಬೀಳ್ತಾ ಇತ್ತು. ಮಿಷಿಗನ್ 42-27ರಿಂದ ಗೆದ್ದಿತು. ಓಡಿಯೇ ದಾಟಿದ್ದು 297 ಯಾರ್ಡ್, ಚೆಂಡು ಹಿಡಿದು ಓಡೋ ರನ್ನಿಂಗ್ ಬ್ಯಾಕ್ ಹಸನ್ ಹ್ಯಾಸ್ಕಿನ್ಸ್ ಒಬ್ಬನದೇ ಐದು ಟಚ್‌ಡೌನ್ (ಚೆಂಡನ್ನ ಎದುರಿನವರ ಕೊನೇ ಗೆರೆ ದಾಟಿಸೋದು). ಮರುದಿನ ಎಲ್ಲರ ಬಾಯಲ್ಲೂ ಹ್ಯಾಸ್ಕಿನ್ಸ್ ಹೆಸರು. ಆ ಆಟದ ಹೈಲೈಟ್ಸ್ ಈಗ ಹಾಕಿ ನೋಡಿ, ಅವನ ಎದೆಗೆ ಮೊದಲ ಕೈ ತಾಗೋ ಹೊತ್ತಿಗೆ ಅವನು ಎಷ್ಟು ದೂರ ಬಂದಾಗಿರತ್ತೆ ಅಂತ ಗಮನಿಸಿ. ಆ ದೂರವೆಲ್ಲ ಮುಂದಿನ ಐವರ ಸಂಪಾದನೆ. ಅವರ ಹೆಸರಿಗೆ ಸ್ಕೋರ್ ಶೀಟಿನಲ್ಲಿ ಒಂದು ಯಾರ್ಡೂ ಬರಲ್ಲ.

ದೇಶದ ಅತ್ಯುತ್ತಮ ಲೈನ್‌ಗೆ ಜೋ ಮೂರ್ ಪ್ರಶಸ್ತಿ ಅಂತ ಇದೆ. ಒಬ್ಬ ಆಟಗಾರನಿಗೆ ಕೊಡಲ್ಲ, ಇಡೀ ಲೈನ್‌ಗೆ ಕೊಡ್ತಾರೆ. ಟ್ರೋಫಿಯ ತೂಕ ಸುಮಾರು 800 ಪೌಂಡ್, ಲೈನ್‌ನವರೇ ಎತ್ತಬೇಕು ಬಿಡಿ. 2021ರಲ್ಲಿ ಮಿಷಿಗನ್‌ಗೆ, 2022ರಲ್ಲಿ ಮತ್ತೆ ಮಿಷಿಗನ್‌ಗೆ. ಸತತ ಎರಡು ವರ್ಷ ಅದನ್ನ ಗೆದ್ದ ಮೊದಲ ಟೀಮ್ ಇದು.

ಈಗ ತಲೆ ಓಡಿಸೋ ವಿಷಯಕ್ಕೆ ಬರ್ತೀನಿ. ಮಧ್ಯದಲ್ಲಿ ಚೆಂಡು ಹಿಡಿದು ಬಗ್ಗಿರೋನು ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡ್, ಆಚೆ ತುದಿಗಳಲ್ಲಿ ಇಬ್ಬರು ಟ್ಯಾಕಲ್. ಎದುರಿನವರು ಕೊನೇ ಗಳಿಗೆಯಲ್ಲಿ ಜಾಗ ಬದಲಿಸ್ತಾರೆ, ಬರೋ ಥರ ಮಾಡಿ ಹಿಂದೆ ಸರೀತಾರೆ. ಸೆಂಟರ್ ಅದನ್ನ ನೋಡಿ, ಯಾರು ಯಾರನ್ನ ತಡೀಬೇಕು ಅಂತ ಕೂಗಿ ಹೇಳ್ತಾನೆ. ಕೆಲವೇ ಸೆಕೆಂಡಿನ ಕೆಲಸ. ಒಬ್ಬನಿಗೆ ಕೇಳಿಸದೇ ಹೋದ್ರೆ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ. 2022ರಲ್ಲಿ ಮಿಷಿಗನ್‌ನ ಸೆಂಟರ್ ಆಗಿದ್ದ ಒಲುಸೆಗುನ್ ಒಲುವಾಟಿಮಿ ವರ್ಜೀನಿಯಾ ಯೂನಿವರ್ಸಿಟಿಯಿಂದ ಬಂದವನು. ಬಂದ ಮೊದಲ ವರ್ಷವೇ ದೇಶದ ಅತ್ಯುತ್ತಮ ಸೆಂಟರ್‌ಗೆ ಕೊಡೋ ರಿಮಿಂಗ್ಟನ್, ಲೈನ್‌ಮನ್‌ಗಳಿಗೆ ಕೊಡೋ ಔಟ್‌ಲ್ಯಾಂಡ್ ಎರಡನ್ನೂ ಗೆದ್ದ.

ಕೌಂಟರ್ ಅಂತ ಒಂದು ಓಟದ ತಂತ್ರ ಇದೆ, ಟಿವಿಯಲ್ಲಿ ನಿಧಾನಕ್ಕೆ ಓಡಿಸಿ ಮಗನ ಜೊತೆ ಕೂತು ನೋಡಿ. ಸೆಂಟರ್ ಚೆಂಡು ಹಿಂದಕ್ಕೆ ಕೊಟ್ಟ ತಕ್ಷಣ ರನ್ನಿಂಗ್ ಬ್ಯಾಕ್ ಎಡಕ್ಕೆ ಒಂದು ಹೆಜ್ಜೆ ಇಡ್ತಾನೆ. ಎದುರಿನ ಲೈನ್‌ಬ್ಯಾಕರ್‌ಗಳ (ತಮ್ಮ ಲೈನಿನ ಹಿಂದೆ ನಿಂತು ಕಾಯೋರು) ಕಣ್ಣು ಆ ಕಡೆ ಹೋಗತ್ತೆ. ಅಷ್ಟರಲ್ಲಿ ಎಡಗಡೆಯ ಗಾರ್ಡ್ ತನ್ನ ಜಾಗ ಬಿಟ್ಟು, ತನ್ನವರ ಬೆನ್ನ ಹಿಂದೆಯೇ ಬಲಕ್ಕೆ ಓಡಿ, ಆ ತುದಿಯಲ್ಲಿರೋನನ್ನ ಆಚೆ ಗುದ್ದಿ ಬಾಗಿಲು ತೆಗೀತಾನೆ. ಅವನ ಹಿಂದೆ ಇನ್ನೊಬ್ಬ ಬಂದು ಆ ಬಾಗಿಲಲ್ಲಿ ನುಗ್ಗಿ ಲೈನ್‌ಬ್ಯಾಕರ್‌ನ ಹಿಡೀತಾನೆ. ಬಲಗಡೆ ಇರೋ ಇಬ್ಬರು ಸೇರಿ ಒಬ್ಬ ದಡಿಯನನ್ನ ಪಕ್ಕಕ್ಕೆ ತಳ್ತಿರ್ತಾರೆ, ಭುಜ ಭುಜ ತಾಗಿಸಿಕೊಂಡು. ನಮ್ಮ ಕಬಡ್ಡಿಯಲ್ಲಿ ಕೈ ಕೈ ಹಿಡಿದ ಸರಪಳಿ ಇರತ್ತಲ್ಲ, ಒಬ್ಬ ಕೈ ಬಿಟ್ರೆ ರೇಡರ್ ಪಾರು, ಹಾಗೆ. ಮುನ್ನೂರು ಪೌಂಡಿನ ಗಾರ್ಡ್ ಅಷ್ಟು ಹಗುರಾಗಿ ಕಾಲು ಹಾಕೋದನ್ನ ನೋಡಿದ ಮೇಲೆ ದಢೂತಿ ಅನ್ನೋ ಮಾತು ಬಾಯಿಗೆ ಬರಲ್ಲ.

2023ರಲ್ಲಿ ಪೆನ್ ಸ್ಟೇಟ್ ಯೂನಿವರ್ಸಿಟಿ ವಿರುದ್ಧದ ಆಟ ನನ್ನ ಲೆಕ್ಕದಲ್ಲಿ ಈ ಟೀಮಿನ ಜಾತಕ. ಎದುರಾಳಿಗಳ ಸನ್ನೆ ಕದ್ದ ಪ್ರಕರಣದಲ್ಲಿ ಹಾರ್ಬಾ ಅವರನ್ನ ಹಿಂದಿನ ದಿನ ಅಮಾನತು ಮಾಡಿದ್ರು. (ಆ ಕಲೆ ಆ ವರ್ಷಕ್ಕೆ ಅಂಟಿಕೊಂಡೇ ಇದೆ, ಅಭಿಮಾನಿಗಳು ಏನೇ ಅನ್ನಲಿ.) ಶೆರೋನ್ ಮೂರ್ ಕೈಗೆ ಟೀಮ್ ಬಂತು. ಅವರು ಏನು ಮಾಡಿದ್ರು ಗೊತ್ತಾ? ಆಟದ ಕೊನೆಯ 32 ಪ್ಲೇಗಳಲ್ಲಿ ಲೆಕ್ಕಕ್ಕೆ ಸಿಗೋ ಒಂದೇ ಒಂದು ಪಾಸ್ ಇಲ್ಲ. ಓಡು, ಓಡು, ಮತ್ತೆ ಓಡು. ಓಡ್ತಾರೆ ಅಂತ ಇಡೀ ಸ್ಟೇಡಿಯಮ್ಮಿಗೆ ಗೊತ್ತು, ತಡೆಯೋಕೆ ಆಗಲಿಲ್ಲ. 24-15. ಬೋರು ಅಂತ ಬೈದವರೂ ಇದ್ದರು. ನನಗಂತೂ ಅದಕ್ಕಿಂತ ರೋಚಕವಾದ ಬೋರು ಬೇರೆ ಇಲ್ಲ.

ಎರಡು ವಾರ ಆದ್ಮೇಲೆ ಒಹಾಯೊ ಸ್ಟೇಟ್ ವಿರುದ್ಧ 17-17 ಸಮ ಆಗಿತ್ತು. ಬಲಗಾರ್ಡ್ ಜ್ಯಾಕ್ ಜಿಂಟರ್ ಕಾಲು ಮುರಿದು ಬಿದ್ದ. ಗಾಡಿಯಲ್ಲಿ ಹೊರಗೆ ಕರೆದೊಯ್ದರು. ಬಲ ಟ್ಯಾಕಲ್ ಆಗಿದ್ದ ಕಾರ್ಸನ್ ಬಾರ್ನ್‌ಹಾರ್ಟ್ ಒಳಗೆ ಗಾರ್ಡ್ ಜಾಗಕ್ಕೆ ಸರಿದ, ಅವನ ಜಾಗಕ್ಕೆ ಬೆಂಚಿನಿಂದ ಟ್ರೆಂಟೆ ಜೋನ್ಸ್ ಬಂದ. ಮುಂದಿನ ಪ್ಲೇಗೇ ರನ್ನಿಂಗ್ ಬ್ಯಾಕ್ ಬ್ಲೇಕ್ ಕೋರಮ್ 22 ಯಾರ್ಡ್ ಓಡಿ ಟಚ್‌ಡೌನ್. ಆಟ 30-24ಕ್ಕೆ ಮುಗೀತು. ಆ ಸಲ ಜೋ ಮೂರ್ ಪ್ರಶಸ್ತಿ ಹೋಗಿದ್ದು ವಾಷಿಂಗ್ಟನ್‌ಗೆ. 2024ರ ಜನವರಿಯಲ್ಲಿ ಹ್ಯೂಸ್ಟನ್‌ನ ಫೈನಲ್‌ನಲ್ಲಿ ಅದೇ ವಾಷಿಂಗ್ಟನ್ ಮೇಲೆ ಮಿಷಿಗನ್ 303 ಯಾರ್ಡ್ ಓಡಿ 34-13ರಿಂದ ಗೆದ್ದು ಚಾಂಪಿಯನ್ ಆಯ್ತು.

ಅಂದ ಹಾಗೆ ಲೈನಿನ ಆಚೆ ಬದಿಗೂ ಒಂದು ಕಥೆ ಇದೆ. 2021ರ ಡಿಫೆನ್ಸ್‌ನಲ್ಲಿ (ಎದುರಿನವರ ಕೈಲಿ ಚೆಂಡಿದ್ದಾಗ ಆಡೋ ಪಾಳಿ) ಐಡನ್ ಹಚಿನ್ಸನ್ ಒಂದು ತುದಿ. ಅವನ ಅಪ್ಪನೂ ಮಿಷಿಗನ್‌ಗೆ ಆಡಿದವರೇ, ಅಂದ್ರೆ ಮನೆಯಲ್ಲೇ ಪಾಠ. ಇನ್ನೊಂದು ತುದಿ ಡೇವಿಡ್ ಒಜಾಬೊ. ಹುಟ್ಟಿದ್ದು ನೈಜೀರಿಯಾ, ಬೆಳೆದದ್ದು ಸ್ಕಾಟ್‌ಲ್ಯಾಂಡ್, ಈ ಆಟ ಶುರು ಮಾಡಿದ್ದೇ ಅಮೆರಿಕದ ಹೈಸ್ಕೂಲಿಗೆ ಬಂದ ಮೇಲೆ. ಆ ವರ್ಷ 11 ಸ್ಯಾಕ್ ಮಾಡಿದ, ಅಂದ್ರೆ ಕ್ವಾರ್ಟರ್‌ಬ್ಯಾಕ್‌ನ ಚೆಂಡು ಎಸೆಯೋ ಮೊದಲೇ ನೆಲಕ್ಕೆ ಕೆಡವಿದ. "ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಆಟ, ಇವನಿಗೆ ಹೇಗೆ ಬರತ್ತೆ" ಅಂತ ಅಕ್ಕ ಬರೆದಿದ್ದರಲ್ಲ, ಅದಕ್ಕೆ ಹೇಳಿದೆ. ಅವನ ದೇಹ, ಅವನ ವೇಗ ಎಲ್ಲರಿಗೂ ಇರಲ್ಲ, ಅದೂ ನಿಜ.

ಹಾಗಾಗಿ ಮೂಲೆಗೆ ತಳ್ಳಿದ್ದಾರೆ ಅನ್ನೋ ಅನುಮಾನ ಬಿಟ್ಟುಬಿಡಿ. ಈ ಊರಿನಲ್ಲಿ ಅದು ಮರ್ಯಾದೆಯ ಜಾಗ. ನಿಜವಾಗಿ ಯೋಚನೆ ಮಾಡಬೇಕಾದ್ದು ತಲೆಪೆಟ್ಟಿನ ಬಗ್ಗೆ. ಇಲ್ಲಿ ಸಕ್ಕರೆ ಸವರಿ ಹೇಳೋದು ಸರಿಯಲ್ಲ. ಓಡೋರಿಗೆ ಆಗೊಮ್ಮೆ ಈಗೊಮ್ಮೆ ದೊಡ್ಡ ಹೊಡೆತ, ಲೈನ್‌ನವರಿಗೆ ಪ್ರತಿ ಪ್ಲೇಗೂ ಸಣ್ಣ ಸಣ್ಣದು. 2017ರಲ್ಲಿ ಬಾಸ್ಟನ್ ಯೂನಿವರ್ಸಿಟಿಯವರು ಸತ್ತ ಆಟಗಾರರ ಮೆದುಳು ಪರೀಕ್ಷಿಸಿ, ಮತ್ತೆ ಮತ್ತೆ ತಲೆಗೆ ಪೆಟ್ಟು ಬಿದ್ದವರಲ್ಲಿ ಕಾಣೋ ಸಿಟಿಇ ಅನ್ನೋ ಕಾಯಿಲೆ ಎಷ್ಟು ಜನರಿಗಿತ್ತು ಅಂತ ಪ್ರಕಟಿಸಿದರು. ವೃತ್ತಿಪರರ ಲೀಗ್ ಎನ್‌ಎಫ್‌ಎಲ್ ಆಡಿದ್ದ 111 ಜನರಲ್ಲಿ 110, ಕಾಲೇಜಿಗೆ ನಿಲ್ಲಿಸಿದ್ದ 53ರಲ್ಲಿ 48, ಹೈಸ್ಕೂಲಿಗೇ ನಿಲ್ಲಿಸಿದ್ದ 14ರಲ್ಲಿ 3. ತೊಂದರೆ ಕಂಡ ಮನೆಯವರೇ ಹೆಚ್ಚಾಗಿ ಮೆದುಳು ದಾನ ಮಾಡಿರ್ತಾರೆ, ಆದ್ದರಿಂದ ಎಲ್ಲ ಆಟಗಾರರಿಗೂ ಇದೇ ಲೆಕ್ಕ ಅಂತ ಅಲ್ಲ. ಆದರೆ ಆಡಿದ ವರ್ಷ ಹೆಚ್ಚಾದಂತೆ ಅಪಾಯ ಹೆಚ್ಚು ಅನ್ನೋದು ಗಟ್ಟಿ.

ಕೋಚ್ ಹತ್ತಿರ ನೇರವಾಗಿ ಕೇಳಿ: ವಾರಕ್ಕೆ ಎಷ್ಟು ಹೊತ್ತು ಮೈ ತಾಗಿಸೋ ಪ್ರ್ಯಾಕ್ಟೀಸ್, ತಲೆ ಎತ್ತಿಕೊಂಡು ಕೈಯಿಂದ ತಡೆಯೋದನ್ನ ಕಲಿಸ್ತೀರಾ, ತಲೆಗೆ ಪೆಟ್ಟಾದ್ರೆ ವಾಪಸ್ ಆಡಿಸೋದನ್ನ ತೀರ್ಮಾನ ಮಾಡೋರು ಯಾರು. ಈ ಮೂರನೇದಕ್ಕೆ ತಡವರಿಸಿದ್ರೆ ನಾನಾದ್ರೆ ಮಗನನ್ನ ಕರ್ಕೊಂಡು ಬರ್ತೀನಿ. ಕೋಚ್ ತೂಕ ಏರಿಸಿ ಅಂದ್ರೆ ಪ್ರೋಟೀನ್ ಪುಡಿ ಡಬ್ಬ ತರೋ ಮೊದಲು ಮಕ್ಕಳ ಡಾಕ್ಟರ್‌ನ ಕೇಳಿ. ಸಸ್ಯಾಹಾರಿ ಅನ್ನೋದು ಅಡ್ಡಿ ಅಲ್ಲ. ಒಂಬತ್ತನೇ ಕ್ಲಾಸಿನ ಲೈನ್‌ಗೆ ಮುನ್ನೂರು ಪೌಂಡ್ ಯಾರೂ ಕೇಳಲ್ಲ, ಬಗ್ಗಿ ನಿಲ್ಲೋಕೆ ಬಂದ್ರೆ ಸಾಕು. ಆಟ ಬೇಕು, ಗುದ್ದಾಟ ಬೇಡ ಅಂದ್ರೆ ಫ್ಲ್ಯಾಗ್ ಫುಟ್‌ಬಾಲ್ ಇದೆ (ಕೆಡವೋ ಬದಲು ಸೊಂಟದ ಪಟ್ಟಿ ಕೀಳೋ ಆಟ), 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲೂ ಇರತ್ತೆ. ಆದರೆ ಅದರಲ್ಲಿ ಲೈನ್ ಗುದ್ದಾಟ ಇಲ್ಲ, ನಿಮ್ಮ ಮಗನಿಗೆ ಅದೇ ಇಷ್ಟ ಆಗಿದ್ರೆ ಒಪ್ಪಿಸೋದು ಕಷ್ಟ.

ಇನ್ನು ಮಗನ ಶನಿವಾರದ ಕನ್ನಡ ಕ್ಲಾಸು ತಪ್ಪತ್ತೆ ಅನ್ನೋ ಚಿಂತೆ. ಹೈಸ್ಕೂಲ್ ಆಟ ಸಾಮಾನ್ಯವಾಗಿ ಶುಕ್ರವಾರ ಸಂಜೆ, ಹಾಗಾಗಿ ಕ್ಲಾಸು ತಪ್ಪಲ್ಲ, ನಿದ್ದೆ ಕಣ್ಣಲ್ಲಿ ಬರ್ತಾನೆ ಅಷ್ಟೇ. ನೀವು ಆಟಕ್ಕೆ ಹೋದಾಗ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ, ಮಗನ ನಂಬರ್ ಮೇಲೇ ಇಡಿ. ಲೈನ್‌ನವರದು 50ರಿಂದ 79ರೊಳಗೆ ಇರತ್ತೆ. ಅವನು ಮೊದಲ ಹೆಜ್ಜೆ ಯಾವ ಕಡೆ ಇಟ್ಟ, ಯಾರನ್ನ ತಡೆದ ಅಂತ ನೋಡ್ಕೊಂಡು ಬಂದು ಕಾರಿನಲ್ಲಿ ಕೇಳಿ. ಮನೆ ಮುಟ್ಟೋವರೆಗೂ ಹೇಳ್ತಾನೆ.