ಪ್ರಶ್ನೋತ್ತರ: ಟಿವಿ ಸ್ಪೋರ್ಟ್ಸ್ ರಿಪೋರ್ಟರ್ ಆಗೋಕೆ ದಾವಣಗೆರೆಯಲ್ಲೇ ಇದ್ದು ಏನು ಮಾಡ್ಬಹುದು?

ಪ್ರಶ್ನೆ (ಬಿ.ಎ. ಕೊನೇ ವರ್ಷ, ಪಿ.ಜೆ. ಬಡಾವಣೆ): ಅಕ್ಕಾ ನಮಸ್ತೆ. ನಾನು ಹೈಸ್ಕೂಲಿಂದ ಕಬಡ್ಡಿ ಆಡಿದೀನಿ, ಜಿಲ್ಲಾ ಮಟ್ಟದವರೆಗೂ ಹೋಗಿದ್ದೆ. ಟಿವಿಲಿ ಮ್ಯಾಚ್ ಮುಗಿದ ತಕ್ಷಣ ಮೈಕ್ ಹಿಡ್ಕೊಂಡು ಪ್ಲೇಯರ್‌ನ ಮಾತಾಡಿಸ್ತಾರಲ್ಲ, ಆ ಕೆಲಸ ಮಾಡ್ಬೇಕು ಅಂತ ಭಾಳ ಆಸೆ. ಅಪ್ಪ ಮಾತ್ರ "ಅದಕ್ಕೆ ಬೆಳ್ಳಗಿರ್ಬೇಕು, ಇಂಗ್ಲಿಷ್ ಬರ್ಬೇಕು, ಬೆಂಗಳೂರಲ್ಲಿ ಪರಿಚಯದೋರು ಇರ್ಬೇಕು, ಸುಮ್ನೆ ಬಿ.ಎಡ್ ಮಾಡು" ಅಂತಾರೆ. ನಿಜಾನಾ ಅಕ್ಕ?

ಉತ್ತರ: ನಿಮ್ಮಪ್ಪ ಹೇಳಿದ್ದು ನಮ್ಮಪ್ಪನೂ ಹೇಳಿದ್ರು ಕಣಮ್ಮಾ, ಹರಿಹರದಲ್ಲಿ, ಅದೇ ಬಿ.ಎಡ್ ಮಾತು. ಅವರ ಭಯದಲ್ಲಿ ತಪ್ಪೇನಿಲ್ಲ, ಯಾಕಂದ್ರೆ ಮೊದಲ ಮೂರ್ನಾಲ್ಕು ವರ್ಷ ಸಂಬಳ ನಿಜವಾಗ್ಲೂ ಕಮ್ಮಿ, ಬೆಂಗಳೂರಲ್ಲಿ ಪಿಜಿ ಬಾಡಿಗೆ ಕಟ್ಟಿದ್ರೆ ಕೈಯಲ್ಲಿ ಏನೂ ಉಳಿಯಲ್ಲ, ಭಾನುವಾರ ಹಬ್ಬ ಎಲ್ಲಾ ಡ್ಯೂಟಿ. ಇದನ್ನ ಅಪ್ಪನ ಹತ್ರ ಮುಚ್ಚಿಡಬೇಡ. ಆದ್ರೆ ಬಣ್ಣದ ಮಾತು ಬಿಟ್ಟುಬಿಡು, ಈ ಕೆಲಸದಲ್ಲಿ ನಮ್ಮನ್ನ ಉಳಿಸೋದು ಬೇರೆನೇ.

ಸ್ಟುಡಿಯೋದಲ್ಲಿ ಕೂತಾಗ ಏನಾಗುತ್ತೆ ಅಂತ ಹೇಳ್ತೀನಿ ಕೇಳು. ಕಿವಿಯಲ್ಲೊಂದು ಸಣ್ಣ ಇಯರ್‌ಪೀಸ್ ಇರುತ್ತೆ, ಅದರೊಳಗೆ ಪ್ರೊಡ್ಯೂಸರ್ "ಬ್ರೇಕ್‌ಗೆ ಹತ್ತು, ಒಂಬತ್ತು, ಎಂಟು" ಅಂತ ಎಣಿಸ್ತಾ ಇರ್ತಾರೆ, ಎದುರಿಗೆ ಕೂತಿರೋ ಮಾಜಿ ಆಟಗಾರರು ಇನ್ನೂ ಮಾತು ಮುಗಿಸಿಲ್ಲ, ನೀನು ಅವರ ಮಾತೂ ಕೇಳಿಸ್ಕೋಬೇಕು, ಎಣಿಕೆನೂ ಕೇಳಿಸ್ಕೋಬೇಕು, ಅವರಿಗೆ ಬೇಜಾರಾಗದಂಗೆ ಮಾತು ತಗೊಂಡು ಸೊನ್ನೆ ಅನ್ನೋದ್ರೊಳಗೆ ವಾಕ್ಯ ಮುಗಿಸ್ಬೇಕು. ನಾಲಿಗೆಗಿಂತ ಕಿವಿಗೇ ಜಾಸ್ತಿ ಕೆಲಸ. ನಾನು ಕಲಿತದ್ದು ಹೆಂಗೆ ಅಂದ್ರೆ ಮನೇಲಿ ರೇಡಿಯೋ ಹಾಕ್ಕೊಂಡು, ಅದು ಮಾತಾಡ್ತಿರೋವಾಗ್ಲೇ ಪೇಪರ್‌ನ ಕ್ರೀಡಾ ಪುಟ ಜೋರಾಗಿ ಓದಿ, ಆಮೇಲೆ ರೇಡಿಯೋದಲ್ಲಿ ಏನು ಹೇಳಿದ್ರು ಅಂತ ಬರೀತಿದ್ದೆ.

ಇನ್ನೊಂದು, ನನ್ನದೇ ತಪ್ಪು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಬಡ್ಡಿ ಫೈನಲ್ ಮುಗಿದ ಕೂಡ್ಲೆ, ಕೊನೇ ರೈಡ್‌ನಲ್ಲಿ ಔಟಾಗಿ ಸೋತ ಹುಡುಗಿ ಹತ್ರ ಓಡಿ "ಹೇಗನ್ನಿಸ್ತಿದೆ?" ಅಂತ ಮೈಕ್ ಹಿಡಿದೆ. ಅವಳ ಮೊಣಕೈ ಮ್ಯಾಟಿಗೆ ಉಜ್ಜಿ ರಕ್ತ ಬರ್ತಿತ್ತು, ನನ್ನ ಮುಖ ನೋಡಿ ಏನೂ ಹೇಳದೆ ಟವೆಲ್ ಮುಖಕ್ಕೆ ಒತ್ಕೊಂಡು ಹೋದ್ಲು. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. "ರೈಡ್‌ಗೆ ಇರೋದು 30 ಸೆಕೆಂಡು, ನೀನು ಕೊನೇವರೆಗೂ ಕಾದೆ, ಬಲಗಡೆ ಕಾರ್ನರ್‌ನಲ್ಲಿ ನಿಂತೋಳು ಮುಂದೆ ಬರ್ಲಿ ಅಂತ ನೋಡ್ತಿದ್ಯಾ?" ಅಂತ ಕೇಳಿದ್ದಿದ್ರೆ ಅವಳು ಉತ್ತರ ಕೊಡ್ತಿದ್ಲು ಅಂತ ಈಗಲೂ ಅನ್ಸುತ್ತೆ. ಆಟ ನೋಡಿದವಳು ಕೇಳೋ ಪ್ರಶ್ನೆನೇ ಬೇರೆ, ನೀನು ಆಡಿದವಳು, ಅದೇ ನಿನ್ನ ಬಂಡವಾಳ.

ಪ್ರಶ್ನೆ (ಚಿತ್ರದುರ್ಗ): ಮೇಡಂ, ನ್ಯೂಸ್ ಚಾನೆಲ್ ರಿಪೋರ್ಟರ್‌ಗಳು ಯಾವಾಗ್ಲೂ ಸ್ಟೇಡಿಯಂ ಗೇಟ್ ಹೊರಗೇ ನಿಂತು ಮಾತಾಡ್ತಾರಲ್ಲ, ಯಾಕ್ರೀ?

ಉತ್ತರ: ಪ್ರಸಾರದ ಹಕ್ಕು ದುಡ್ಡು ಕೊಟ್ಟು ತಗೊಂಡಿರೋ ಚಾನೆಲ್‌ಗೆ ಮಾತ್ರ ಮೈದಾನದೊಳಗೆ ಕ್ಯಾಮೆರಾ ಇಡೋಕೆ ಬಿಡ್ತಾರೆ ಸರ್. ಉಳಿದವರಿಗೆ ಪ್ರೆಸ್ ಪಾಸ್ ಸಿಕ್ಕಿದ್ರೂ ಆಟ ಶೂಟ್ ಮಾಡಂಗಿಲ್ಲ, ಪ್ರೆಸ್‌ಮೀಟು, ಮ್ಯಾಚಿನ ಹಿಂದಿನ ದಿನದ ಪ್ರಾಕ್ಟೀಸು, ಜನರ ಬೈಟು (ಕ್ಯಾಮೆರಾ ಮುಂದೆ ಅವರು ಹೇಳೋ ಎರಡು ಮಾತು) ಇಷ್ಟೇ. ಹಂಗಾಗಿ ದೃಶ್ಯ ಇಲ್ದೇ ಕಥೆ ಹೇಳೋ ತಾಕತ್ತು ಬೇಕು.

ಕಥೆ ಹುಡುಕೋದಕ್ಕೆ ನಮ್ಮೂರಿನ ಉದಾಹರಣೆನೇ ತಗೊಳ್ಳಿ. 2015ರ ಮಾರ್ಚ್‌ನಲ್ಲಿ ಮುಂಬೈನಲ್ಲಿ ರಣಜಿ ಫೈನಲ್, ತಮಿಳುನಾಡು ಎದುರು ಕರುಣ್ ನಾಯರ್ 328 ಹೊಡೆದ್ರು, ಎಲ್ಲರ ಬಾಯಲ್ಲೂ ಅದೇ. ಆದ್ರೆ ಅದೇ ಮ್ಯಾಚ್‌ನಲ್ಲಿ ಮೊದಲ ಇನ್ನಿಂಗ್ಸ್‌ನಲ್ಲಿ ಐದು ವಿಕೆಟ್ ತೆಗೆದು, ಆಮೇಲೆ ಅಜೇಯ ಶತಕನೂ ಹೊಡೆದದ್ದು ಕ್ಯಾಪ್ಟನ್, ನಮ್ಮ ದಾವಣಗೆರೆ ವಿನಯ್ ಕುಮಾರ್. ದಾವಣಗೆರೆ ಜನಕ್ಕೆ ವರದಿ ಮಾಡೋಳು ಅಲ್ಲಿಂದ ಶುರು ಮಾಡ್ಬೇಕು.

ಪ್ರಶ್ನೆ (ಮತ್ತೆ ಪಿ.ಜೆ. ಬಡಾವಣೆ): ಅಕ್ಕಾ, ಇಂಗ್ಲಿಷ್ ವಿಷಯ ಹೇಳ್ಲಿಲ್ಲ. ಈಗಿಂದ ಏನ್ ಮಾಡ್ಲಿ?

ಉತ್ತರ: ಕನ್ನಡದಲ್ಲೇ ಸ್ಪೋರ್ಟ್ಸ್ ಚಾನೆಲ್, ಕಾಮೆಂಟ್ರಿ ಎಲ್ಲಾ ಬಂದಮೇಲೆ ಕನ್ನಡ ಚೆನ್ನಾಗಿ ಮಾತಾಡೋರಿಗೆ ಜಾಗ ಇದೆ. ಇಂಗ್ಲಿಷು, ಹಿಂದಿ ಬೇಕಾಗೋದು ಹೊರಗಿನ ಪ್ಲೇಯರ್‌ನ ಮಾತಾಡಿಸೋಕೆ, ಅಷ್ಟು ಕಲಿ ಸಾಕು. ಓದೋ ಹಂಗಿದ್ರೆ ತೋಳಹುಣಸೆಯ ನಮ್ಮ ದಾವಣಗೆರೆ ಯೂನಿವರ್ಸಿಟಿಯಲ್ಲೇ ಪತ್ರಿಕೋದ್ಯಮ ಎಂ.ಎ. ಇದೆ, ಮನೆ ಊಟ ತಿಂದ್ಕೊಂಡೇ ಮಾಡ್ಬಹುದು, ಅಪ್ಪನಿಗೂ ಸಮಾಧಾನ.

ಈಗ್ಲೇ ಮಾಡೋದು ಅಂದ್ರೆ ಹೈಸ್ಕೂಲ್ ಫೀಲ್ಡ್‌ನಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ಆದಾಗ ಹೋಗಿ ಕಾಮೆಂಟ್ರಿ ಮೈಕ್ ಕೇಳು, ಕೊಡದಿದ್ರೆ ಸ್ಕೋರರ್ ಪಕ್ಕ ಕೂತ್ಕೋ. ದುಗ್ಗಮ್ಮನ ಜಾತ್ರೆ ಕುಸ್ತಿಗೆ ಹೋಗು, ನಾನು ಅಲ್ಲೇ ಕಲಿತದ್ದು. ಪೈಲ್ವಾನ್ರು ಮೈಗೆ ಕೆಂಪು ಮಣ್ಣು ಹಚ್ಕೊಂಡು ಕೈ ಕೊಟ್ಟು ನಿಂತಾಗ ಹಲಗೆ ಸದ್ದು ಜೋರಾಗುತ್ತೆ, ಒಂದು ಕ್ಷಣದಲ್ಲಿ ಪಟ್ಟು ಬಿದ್ದು ಒಬ್ಬ ಚಿತ್ ಆಗಿರ್ತಾನೆ, ಸುತ್ತ ಕೂತಿರೋ ಹಳೇ ಪೈಲ್ವಾನ್ರನ್ನ ಕೇಳು, ಯಾವ ಪಟ್ಟು, ಯಾವ ಕಾಲು ಮೊದಲು ಜಾರ್ತು ಅಂತ ಬಿಡಿಸಿ ಹೇಳ್ತಾರೆ. ಅದನ್ನ ಫೋನ್‌ಗೆ ಒಂದೂವರೆ ನಿಮಿಷದಲ್ಲಿ ಹೇಳಿ ರೆಕಾರ್ಡ್ ಮಾಡು. ಪೈಲ್ವಾನ್ ಹೆಸರು, ಊರು, ಗರಡಿ ಹೆಸರು ತಪ್ಪಬಾರ್ದು, ಅವನನ್ನೇ ಎರಡು ಸಲ ಕೇಳಿ ಬರ್ಕೋ.

ಅಂಥವು ಹತ್ತು ಆದ್ಮೇಲೆ ನನಗೆ ಕಳ್ಸು, ಒಂದೊಂದನ್ನೂ ಕೂತು ನೋಡ್ತೀನಿ.