ಅಪ್‌ಡೇಟ್: ಲೋಹದ ಡ್ರ್ಯಾಗನ್‌ನ ರೆಕ್ಕೆಗಳು ನಿಂತವು

ಮೇಜಿನ ಮೇಲೆ ಪುಟ್ಟ ಬೊಂಬೆಗಳಿಂದ ಆಡುವ ಯುದ್ಧದಾಟಕ್ಕೆಂದು ಜೋಡಿಸುತ್ತಿದ್ದ ಲೋಹದ ಡ್ರ್ಯಾಗನ್‌ನ ರೆಕ್ಕೆಗಳು ಸೂಪರ್ ಗ್ಲೂ ಹಾಕಿದರೂ ತಮ್ಮ ಭಾರಕ್ಕೇ ಕಳಚಿ ಬೀಳುತ್ತಿವೆ, ಏನು ಮಾಡಬೇಕು ಎಂದು ಈ ಹಿಂದೆ ಕೇಳಿದ್ದೆ. ಒಳಗೆ ತಂತಿ ಕೂರಿಸಿ ಎಂಬುದೇ ಬಹುತೇಕರ ಸಲಹೆಯಾಗಿತ್ತು. ಹಾಗೆಯೇ ಮಾಡಿದೆ, ಎರಡೂ ರೆಕ್ಕೆಗಳು ಈಗ ಗಟ್ಟಿಯಾಗಿ ನಿಂತಿವೆ.

ಬಿಡಿಭಾಗಗಳನ್ನು ಸೋಪಿನ ನೀರಿನಲ್ಲಿ ತೊಳೆದು, ಕೂಡುವ ಮುಖಗಳನ್ನು ಅರದಿಂದ ಉಜ್ಜಿದ ಮೇಲೆ, 1 ಮಿ.ಮೀ. ಬಿಟ್ ಹಾಕಿದ ಕೈ ಡ್ರಿಲ್‌ನಿಂದ ರೆಕ್ಕೆಯ ಬುಡವನ್ನು ನಿಧಾನವಾಗಿ ಕೊರೆದು ಹಿತ್ತಾಳೆ ತಂತಿಯನ್ನು ಅಂಟಿಸಿದೆ. ನಿಜವಾದ ಕಷ್ಟವಿರುವುದು ಎದುರಿನ ರಂಧ್ರದ ಜಾಗವನ್ನು ಗುರುತಿಸುವುದರಲ್ಲಿ. ತಂತಿಯ ತುದಿಗೆ ಚೂರು ಬಣ್ಣ ಹಚ್ಚಿ, ರೆಕ್ಕೆಯನ್ನು ಬೇಕಾದ ಕೋನದಲ್ಲೇ ಹಿಡಿದು ಡ್ರ್ಯಾಗನ್‌ನ ಭುಜಕ್ಕೆ ಒತ್ತಿದಾಗ ಮೂಡಿದ ಚುಕ್ಕೆಯ ನಡುವೆ ಮೊದಲು ಸೂಜಿಯಿಂದ ಸಣ್ಣ ಗುಳಿ ಮಾಡಿಕೊಂಡರೆ, ಬಿಟ್ ಅತ್ತಿತ್ತ ಜಾರುವುದಿಲ್ಲ.

ಪಕ್ಕದಿಂದ ಪೆಟ್ಟು ಬಿದ್ದರೆ ಸೂಪರ್ ಗ್ಲೂ ಬೇಗ ಬಿರಿಯುವುದರಿಂದ ರೆಕ್ಕೆ ಕೂಡುವ ಜಾಗಕ್ಕೆ ಎರಡು ಭಾಗಗಳ ಎಪಾಕ್ಸಿ ಅಂಟನ್ನು ಬಳಸಿ, ಅದು ಗಟ್ಟಿಯಾಗುವವರೆಗೆ ರೆಕ್ಕೆಗೆ ಆಸರೆ ಕೊಟ್ಟಿದ್ದೆ. ಉಳಿದ ಸಂದನ್ನು ಗ್ರೀನ್ ಸ್ಟಫ್ ಎಂಬ ಎಪಾಕ್ಸಿ ಪುಟ್ಟಿ ಮುಚ್ಚಿತು. ಅದರ ನೀಲಿ, ಹಳದಿ ಪಟ್ಟಿಗಳನ್ನು ಒಂದೇ ಹಸಿರಾಗುವವರೆಗೆ ನಾದಿ, ಒದ್ದೆ ಮಾಡಿದ ಉಪಕರಣದಿಂದ ಒತ್ತಿ ನಯಗೊಳಿಸಬೇಕು. ಬೆಸುಗೆ ಹಾಕಿ ಎಂಬ ಸಲಹೆಯನ್ನು ಮಾತ್ರ ಕೈಬಿಟ್ಟೆ, ಏಕೆಂದರೆ ಶುದ್ಧ ತವರವೇ 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವಾಗ, ತವರವೇ ಹೆಚ್ಚಿರುವ ಈ ಮಿಶ್ರಲೋಹದ ತೆಳು ರೆಕ್ಕೆಗೆ ಕಾದ ಕಬ್ಬಿಣ ತಾಗಿಸಲು ನನಗೆ ಧೈರ್ಯವಿಲ್ಲ. ಬಾಲದ ತುದಿ ಬಾಕಿಯಿದ್ದು, ಅದಕ್ಕೆ ಇನ್ನೂ ಸಣ್ಣ ಬಿಟ್ ಬೇಕು.