ಎರಡು ಪಾಸ್‌ಪೋರ್ಟ್ ಇರುವ ಸ್ಟ್ರೈಕರ್: ಸೌಹಾರ್ದ ಪಂದ್ಯ ಆಡಿ ನೋಡಿ ಆಮೇಲೆ ದೇಶ ಆರಿಸಿಕೊಳ್ಳಬಹುದೇ?

ಎಡಬದಿ_11 (ಪ್ರಶ್ನೆ)

ಒಂದು ಸನ್ನಿವೇಶ ಮುಂದಿಟ್ಟು ಕೇಳುತ್ತಿದ್ದೇನೆ. ಹುಡುಗನಿಗೆ 19 ವರ್ಷ, ಆಡುವುದು ಸ್ಟ್ರೈಕರ್ ಸ್ಥಾನದಲ್ಲಿ. ಹುಟ್ಟಿ ಬೆಳೆದದ್ದು ಫ್ರಾನ್ಸ್‌ನಲ್ಲಿ, ತಾಯಿ ಸೆನೆಗಲ್‌ನವರು, ಎರಡೂ ದೇಶದ ಪಾಸ್‌ಪೋರ್ಟ್ ಕೈಯಲ್ಲಿದೆ. 19 ವರ್ಷದೊಳಗಿನವರ ಯುರೋ ಅರ್ಹತಾ ಸುತ್ತಿನಲ್ಲಿ ಫ್ರಾನ್ಸ್ ಪರ ಎರಡು ಪಂದ್ಯ ಆಡಿದ್ದಾನೆ. ಈಗ ಸೆನೆಗಲ್ ಸೀನಿಯರ್ ತಂಡದಿಂದ ಕರೆ ಬಂದಿದೆ ಎಂದುಕೊಳ್ಳಿ: ಮೊದಲು ಒಂದು ಸೌಹಾರ್ದ ಪಂದ್ಯ, ನಾಲ್ಕು ದಿನ ಬಿಟ್ಟು ಆಫ್ರಿಕಾ ಕಪ್ ಅರ್ಹತಾ ಪಂದ್ಯ.

ಸಾಮಾನ್ಯವಾಗಿ ಕೇಳಿಬರುವ ಸಲಹೆ, "ಸೌಹಾರ್ದ ಪಂದ್ಯ ಲೆಕ್ಕಕ್ಕಿಲ್ಲ, ಅದನ್ನು ಆಡಲಿ, ಅರ್ಹತಾ ಪಂದ್ಯಕ್ಕೆ ಇಳಿಯದೆ ವಾಪಸ್ ಬರಲಿ" ಎಂದು. ಡಿಯೇಗೊ ಕೋಸ್ಟಾ ಬ್ರೆಜಿಲ್‌ಗೆ ಆಡಿ ಆಮೇಲೆ ಸ್ಪೇನ್‌ಗೆ ಹೋದದ್ದನ್ನೇ ಎಲ್ಲರೂ ತೋರಿಸುತ್ತಾರೆ. ಇವನ ವಿಷಯದಲ್ಲೂ ಅದು ನಡೆಯುತ್ತದೆಯೇ? ಇನ್ನೊಂದು ಪ್ರಶ್ನೆ: ಕ್ಲಬ್ ಮಟ್ಟದಲ್ಲಿ ಎರಡನೇ ಪಾಸ್‌ಪೋರ್ಟ್‌ನಿಂದ ನಿಜವಾದ ಲಾಭ ಎಲ್ಲಿ, ಎಷ್ಟು?

ನಿಯಮಪುಸ್ತಕ

ನಡೆಯುವುದಿಲ್ಲ. ಕೋಸ್ಟಾ ಉದಾಹರಣೆ ಇಲ್ಲಿಗೆ ಹೊಂದುವುದೇ ಇಲ್ಲ.

ಕೋಸ್ಟಾ ಬ್ರೆಜಿಲ್ ಪರ ಆಡಿದ್ದು 2013ರ ಮಾರ್ಚ್‌ನಲ್ಲಿ, ಇಟಲಿ ಮತ್ತು ರಷ್ಯಾ ವಿರುದ್ಧ. ಎರಡೂ ಸೌಹಾರ್ದ ಪಂದ್ಯಗಳು. ಅಧಿಕೃತ ಟೂರ್ನಿಯಲ್ಲಿ ಬ್ರೆಜಿಲ್ ಜೆರ್ಸಿ ತೊಟ್ಟು ಒಂದು ನಿಮಿಷವೂ ಆಡಿರಲಿಲ್ಲ. ಹಾಗಾಗಿ ಅದೇ ವರ್ಷ ಸ್ಪೇನ್ ಪೌರತ್ವ ಪಡೆದು 2014ರ ವಿಶ್ವಕಪ್‌ಗೆ ಸ್ಪೇನ್ ತಂಡದಲ್ಲಿ ಹೋಗಲು ಸಾಧ್ಯವಾಯಿತು.

ನಿಮ್ಮ ಹುಡುಗ ಆಗಲೇ ಯುರೋ ಅರ್ಹತಾ ಸುತ್ತು ಆಡಿದ್ದಾನೆ. ಅದು ಕಿರಿಯರ ಟೂರ್ನಿಯಾದರೂ ಅಧಿಕೃತ ಟೂರ್ನಿ. ಫಿಫಾ ನಿಯಮದ ಪ್ರಕಾರ ಯಾವುದೇ ವಯೋಮಿತಿಯ ಅಧಿಕೃತ ಪಂದ್ಯದಲ್ಲಿ, ಪೂರ್ತಿಯಾಗಿಯೋ ಕೊನೆಯ ಎರಡು ನಿಮಿಷವೋ, ಒಂದು ದೇಶದ ಪರ ಅಂಗಳಕ್ಕಿಳಿದವನು ಇನ್ನೊಂದು ದೇಶದ ಪರ ಯಾವ ಅಂತರರಾಷ್ಟ್ರೀಯ ಪಂದ್ಯವನ್ನೂ ಆಡುವಂತಿಲ್ಲ. ಸೌಹಾರ್ದ ಪಂದ್ಯಕ್ಕೂ ಇದೇ ಮಾತು. ಮೊದಲು ಸಂಸ್ಥೆ ಬದಲಾವಣೆಗೆ (ಒಂದು ದೇಶದ ಫುಟ್‌ಬಾಲ್ ಸಂಸ್ಥೆ, ಅಂದರೆ ಫೆಡರೇಷನ್, ಬಿಟ್ಟು ಇನ್ನೊಂದಕ್ಕೆ ಹೋಗಲು) ಅರ್ಜಿ ಹಾಕಿ ಫಿಫಾ ಒಪ್ಪಿಗೆ ಪಡೆಯಬೇಕು. ಬೆಂಚ್ ಮೇಲೆ ಕೂತು ಎದ್ದು ಬಂದರೆ ಲೆಕ್ಕವಿಲ್ಲ, ಅಂಗಳಕ್ಕೆ ಕಾಲಿಟ್ಟರೆ ಮಾತ್ರ ಲೆಕ್ಕ.

ಇನ್ನೊಂದು ಅಂಶ ಬಹಳ ಮಂದಿಗೆ ಗೊತ್ತಿರುವುದಿಲ್ಲ. ಅರ್ಜಿ ಸಲ್ಲಿಸಿದ ದಿನದಿಂದ ತೀರ್ಮಾನ ಬರುವವರೆಗೆ ಅವನು ಎರಡು ದೇಶಗಳಲ್ಲಿ ಯಾವುದಕ್ಕೂ ಆಡುವಂತಿಲ್ಲ. ವಿಂಡೋಗೆ (ಅಂತರರಾಷ್ಟ್ರೀಯ ಪಂದ್ಯಗಳಿಗೆಂದು ಮೀಸಲಿಟ್ಟ ದಿನಗಳಿಗೆ) ಒಂದು ವಾರ ಇರುವಾಗ ಅರ್ಜಿ ಹಾಕಿದರೆ ಆ ವಿಂಡೋ ಕೈತಪ್ಪಿತು ಎಂದೇ ತಿಳಿಯಿರಿ.

ಒಪ್ಪಿಗೆ ಸಿಗುತ್ತದೆಯೇ ಎಂದರೆ, ಇವನ ವಿಷಯದಲ್ಲಿ ಸಿಗಬೇಕು. ಆಡಿರುವುದು ಕಿರಿಯರ ಮಟ್ಟದಲ್ಲಿ ಮಾತ್ರ. ನೋಡಬೇಕಾದ ಮುಖ್ಯ ಪ್ರಶ್ನೆ, ಫ್ರಾನ್ಸ್ ಪರ ಮೊದಲ ಅಧಿಕೃತ ಪಂದ್ಯ ಆಡಿದ ದಿನ ಅವನಿಗೆ ಸೆನೆಗಲ್ ಪೌರತ್ವ ಆಗಲೇ ಇತ್ತೇ ಎನ್ನುವುದು. ಇದ್ದರೆ ದಾರಿ ಸಲೀಸು. ಫೊಲಾರಿನ್ ಬಲೊಗನ್ ಹೋದದ್ದು ಇದೇ ದಾರಿಯಲ್ಲಿ: ನ್ಯೂಯಾರ್ಕ್‌ನಲ್ಲಿ ಹುಟ್ಟಿದ್ದರಿಂದ ಅಮೆರಿಕ ಪೌರತ್ವ ಜನ್ಮದಿಂದಲೇ ಇತ್ತು, ಇಂಗ್ಲೆಂಡ್‌ನ 21 ವರ್ಷದೊಳಗಿನವರ ತಂಡಕ್ಕೆ ಆಡಿದ್ದರೂ 2023ರ ಮೇ ತಿಂಗಳಲ್ಲಿ ಫಿಫಾ ಒಪ್ಪಿತು, ಜೂನ್‌ನಲ್ಲಿ ಅಮೆರಿಕ ಪರ ಆಡಿದ. ಆ ದಿನ ಸೆನೆಗಲ್ ಪೌರತ್ವ ಇರಲಿಲ್ಲ ಎಂದಾದರೆ ಬೇರೆ ಷರತ್ತುಗಳು ಬರುತ್ತವೆ: ಕೊನೆಯ ಅಧಿಕೃತ ಪಂದ್ಯ ಆಡಿದಾಗ 21 ತುಂಬಿರಬಾರದು; ಜೊತೆಗೆ ಹುಟ್ಟು, ತಂದೆ ತಾಯಿ, ಅಜ್ಜ ಅಜ್ಜಿ ಅಥವಾ ವಾಸದ ನಂಟು ತೋರಿಸಬೇಕು. ತಾಯಿ ಸೆನೆಗಲ್‌ನಲ್ಲೇ ಹುಟ್ಟಿದವರಾದರೆ ಅದೂ ಸಾಧ್ಯ.

ಬಾಕ್ಸ್‌ನೊಳಗೆ

ನಿಯಮಪುಸ್ತಕ ಅವರ ಉತ್ತರಕ್ಕೆ ಒಂದು ಮಾತು ಸೇರಿಸುತ್ತೇನೆ. 2020ರ ಸೆಪ್ಟೆಂಬರ್‌ನಲ್ಲಿ ಫಿಫಾ ಕಾಂಗ್ರೆಸ್ ನಿಯಮ ಸಡಿಲಿಸಿದೆ. ಸೀನಿಯರ್ ತಂಡದ ಪರ ಅಧಿಕೃತ ಪಂದ್ಯ ಆಡಿದವರೂ ಈಗ ಬದಲಾಗಬಹುದು. ಷರತ್ತುಗಳು ಇವು: ಒಟ್ಟು ಸೀನಿಯರ್ ಪಂದ್ಯ 3 ಮೀರಿರಬಾರದು, ಕೊನೆಯ ಅಧಿಕೃತ ಪಂದ್ಯದ ಹೊತ್ತಿಗೆ 21 ತುಂಬಿರಬಾರದು, ಕೊನೆಯ ಸೀನಿಯರ್ ಪಂದ್ಯ ಕಳೆದು 3 ವರ್ಷ ಆಗಿರಬೇಕು, ವಿಶ್ವಕಪ್‌ನ ಅಥವಾ ಖಂಡದ ಕಪ್‌ನ ಮುಖ್ಯ ಟೂರ್ನಿಯಲ್ಲಿ ಆಡಿರಬಾರದು, ಮೊದಲ ಅಧಿಕೃತ ಪಂದ್ಯದ ದಿನ ಹೊಸ ದೇಶದ ಪೌರತ್ವವೂ ಇದ್ದಿರಬೇಕು.

ಈ ಬದಲಾವಣೆ ಬಂದದ್ದು ಮುನೀರ್ ಎಲ್ ಹದ್ದಾದಿಯಂಥವರ ಪಾಡು ನೋಡಿಯೇ. 2014ರ ಸೆಪ್ಟೆಂಬರ್ 8ರಂದು ಮ್ಯಾಸಿಡೋನಿಯಾ ವಿರುದ್ಧದ ಯುರೋ ಅರ್ಹತಾ ಪಂದ್ಯದಲ್ಲಿ ಸ್ಪೇನ್ ಪರ ಕೊನೆಯ ಸುಮಾರು ಕಾಲು ಗಂಟೆ ಬದಲಿ ಆಟಗಾರನಾಗಿ ಆಡಿದ. ಮತ್ತೆ ಸೀನಿಯರ್ ತಂಡಕ್ಕೆ ಕರೆಯಲೇ ಇಲ್ಲ. ಮೊರಾಕೊಗೆ ಆಡಲು 2018ರ ವಿಶ್ವಕಪ್‌ಗೆ ಮುನ್ನ ಕ್ರೀಡಾ ನ್ಯಾಯಮಂಡಳಿಯವರೆಗೂ ಹೋದ, ಅಲ್ಲೂ ಸೋತ. ನಿಯಮ ಬದಲಾದ ಮೇಲೆ, 2021ರ ಮಾರ್ಚ್‌ನಲ್ಲಿ ಮೊರಾಕೊ ಜೆರ್ಸಿ ಸಿಕ್ಕಿತು. ಒಬ್ಬ ಫಾರ್ವರ್ಡ್‌ಗೆ 19ರಿಂದ 25ರವರೆಗಿನ ಅಂತರರಾಷ್ಟ್ರೀಯ ವರ್ಷಗಳು ಹೋದವು ಎಂದರೆ ಅದು ಸಣ್ಣ ನಷ್ಟವಲ್ಲ.

ಹಾಗಾಗಿ ಸೆನೆಗಲ್‌ಗೆ ಒಂದೆರಡು ಪಂದ್ಯ ಆಡಿ ಮನಸ್ಸು ಬದಲಾದರೆ, ಮೂರು ವರ್ಷ ಕಾದು ಫ್ರಾನ್ಸ್‌ಗೆ ಮರಳುವ ಬಾಗಿಲು ತೆರೆದೇ ಇರುತ್ತದೆ ಎಂದುಕೊಂಡಿದ್ದೇನೆ.

ನಿಯಮಪುಸ್ತಕ

ಬಾಕ್ಸ್‌ನೊಳಗೆ ಅವರೇ, ಷರತ್ತುಗಳೆಲ್ಲ ಸರಿ. ಆದರೆ ಕೊನೆಯ ಸಾಲು ಈ ಹುಡುಗನಿಗೆ ಸಲ್ಲುವುದಿಲ್ಲ. ಸಂಸ್ಥೆ ಬದಲಾವಣೆಯ ಅವಕಾಶ ಜೀವಮಾನಕ್ಕೆ ಒಂದೇ ಬಾರಿ. ಫ್ರಾನ್ಸ್‌ನಿಂದ ಸೆನೆಗಲ್‌ಗೆ ಹೋಗುವುದಕ್ಕೇ ಅವನು ಆ ಒಂದು ಅವಕಾಶ ಬಳಸಬೇಕು. ಆಮೇಲೆ ಸೆನೆಗಲ್‌ಗೆ ಮೂರಲ್ಲ, ಒಂದೇ ಪಂದ್ಯ ಆಡಿದರೂ ಫ್ರಾನ್ಸ್ ಬಾಗಿಲು ಮುಚ್ಚಿತು. ಒಂದು ಸಣ್ಣ ವಿನಾಯಿತಿ ಇದೆ: ಒಪ್ಪಿಗೆ ಸಿಕ್ಕಿಯೂ ಹೊಸ ದೇಶದ ಪರ ಇನ್ನೂ ಅಂಗಳಕ್ಕಿಳಿಯದೇ ಇದ್ದರೆ ಹಿಂದಿನ ಸಂಸ್ಥೆಗೆ ಮರಳಲು ಕೋರಬಹುದು.

ಮೂರು ಪಂದ್ಯಗಳ ಲೆಕ್ಕದಲ್ಲೂ ಒಂದು ಸೂಕ್ಷ್ಮ ಇದೆ, ಬೇರೆಯವರಿಗೆ ಉಪಯೋಗಕ್ಕೆ ಬರಬಹುದು. ಬರೀ ಸೌಹಾರ್ದ ಪಂದ್ಯಗಳನ್ನಷ್ಟೇ ಆಡಿದವನಿಗೆ ಈ ಮಿತಿ ಇಲ್ಲ. ಆದರೆ ಒಂದು ಅಧಿಕೃತ ಸೀನಿಯರ್ ಪಂದ್ಯ ಆಡಿದ ಕೂಡಲೇ ಸೌಹಾರ್ದ ಪಂದ್ಯಗಳೂ ಆ ಮೂರರೊಳಗೆ ಸೇರುತ್ತವೆ. ಮೂರು ಸೌಹಾರ್ದ ಪಂದ್ಯ, ಒಂದು ಅರ್ಹತಾ ಪಂದ್ಯ ಎಂದರೆ ಒಟ್ಟು ನಾಲ್ಕು, ಅಲ್ಲಿಗೆ ಮುಗಿಯಿತು. ಕೋಚ್ 88ನೇ ನಿಮಿಷದಲ್ಲಿ "ಹೋಗು" ಎಂದಾಗ ಯಾವ ಹುಡುಗನೂ ಈ ಲೆಕ್ಕ ಹಾಕುವುದಿಲ್ಲ. ಏಜೆಂಟ್ ಮತ್ತು ಮನೆಯವರು ಶಿಬಿರಕ್ಕೆ ಹೋಗುವ ಮೊದಲೇ ಹಾಕಿಟ್ಟಿರಬೇಕು.

ಎಡಬದಿ_11

ಒಂದೇ ಬಾರಿ ಎನ್ನುವುದು ಗೊತ್ತಿರಲಿಲ್ಲ, ಅದು ಇಡೀ ಚಿತ್ರವನ್ನೇ ಬದಲಿಸುತ್ತದೆ. ದಾಖಲೆಗಳು ಏನೇನು ಬೇಕಾಗುತ್ತವೆ? ಪಾಸ್‌ಪೋರ್ಟ್ ಇದ್ದರೆ ಸಾಲದೇ?

ಕಾರ್ನರ್_ಫ್ಲ್ಯಾಗ್

ಪಾಸ್‌ಪೋರ್ಟ್ ಒಂದೇ ಸಾಲದು. ಅರ್ಜಿ ಸಾಮಾನ್ಯವಾಗಿ ಹೊಸ ಫೆಡರೇಷನ್ ಮೂಲಕ ಹೋಗುತ್ತದೆ, ತೀರ್ಮಾನ ಫಿಫಾ ಫುಟ್‌ಬಾಲ್ ಟ್ರಿಬ್ಯೂನಲ್‌ನ ಆಟಗಾರರ ಸ್ಥಾನಮಾನ ವಿಭಾಗದ್ದು. ಆಟಗಾರನ ಸಹಿ ಇರುವ ಕೋರಿಕೆ ಪತ್ರ, ಎರಡೂ ಪಾಸ್‌ಪೋರ್ಟ್ ಪ್ರತಿ, ಆಟಗಾರನ ಮತ್ತು ತಾಯಿಯ ಜನನ ಪ್ರಮಾಣಪತ್ರ, ಈವರೆಗೆ ಯಾವ ಯಾವ ತಂಡಕ್ಕೆ ಯಾವ ಪಂದ್ಯ ಆಡಿದ್ದಾನೆ ಎಂಬ ವಿವರ, ಇವಿಷ್ಟು ಸಿದ್ಧ ಇರಬೇಕು. ದಾಖಲೆ ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆಯಲ್ಲಿದ್ದರೆ ಅನುವಾದವೂ ಬೇಕು.

ಎಲ್ಲಕ್ಕಿಂತ ಹೆಚ್ಚು ತೊಡಕು ಬರುವುದು ದಿನಾಂಕದಲ್ಲಿ. ಪಾಸ್‌ಪೋರ್ಟ್ ಮೇಲೆ ಇರುವುದು ಅದನ್ನು ಕೊಟ್ಟ ದಿನ. ಫಿಫಾ ಕೇಳುವುದು ಪೌರತ್ವ ಯಾವತ್ತಿನಿಂದ ಇದೆ ಎಂದು. ಪಾಸ್‌ಪೋರ್ಟ್ ಕಳೆದ ವರ್ಷ ಮಾಡಿಸಿದ್ದು, ಪೌರತ್ವ ಹುಟ್ಟಿನಿಂದ ಬಂದದ್ದು ಎಂದಾದರೆ, ಅದನ್ನು ಹೇಳುವ ಸರ್ಕಾರಿ ಪ್ರಮಾಣಪತ್ರ ಬೇರೆಯೇ ತೆಗೆಸಬೇಕು. "ಕೇಳಿದ್ದರೆ ಸಿಗುತ್ತಿತ್ತು" ಎನ್ನುವ ಪೌರತ್ವವನ್ನು ಫಿಫಾ "ಇತ್ತು" ಎಂದು ಒಪ್ಪುವುದಿಲ್ಲ. ಅಂದರೆ ಕಿರಿಯರ ತಂಡದಿಂದ ಕರೆ ಬರುವ ವಯಸ್ಸಿಗೆ, 14 ಅಥವಾ 15ಕ್ಕೇ, ಎರಡನೇ ಪೌರತ್ವದ ಕಾಗದಪತ್ರ ಮುಗಿಸಿಡುವುದು ಜಾಣತನ. ಆ ಕೆಲಸವನ್ನು ಮುಂದೂಡಿದವರಿಗೇ ಆಮೇಲೆ ತೊಂದರೆ.

ಅಜ್ಜ ಅಜ್ಜಿಯ ನಂಟು ತೋರಿಸುವಲ್ಲಿ ಮೂಲ ಜನನ ನೋಂದಣಿಯನ್ನೇ ತರಿಸಿ, ಮಧ್ಯವರ್ತಿ ಕೊಟ್ಟ ಪ್ರತಿಯನ್ನು ನಂಬಿ ಕೂರಬೇಡಿ. ಮಲೇಷ್ಯಾದ ಪ್ರಕರಣ ಕಣ್ಣಮುಂದೆ ಇದೆ. 2025ರ ಜೂನ್ 10ರಂದು ಏಷ್ಯನ್ ಕಪ್ ಅರ್ಹತಾ ಪಂದ್ಯದಲ್ಲಿ ವಿಯೆಟ್ನಾಂ ವಿರುದ್ಧ 4-0 ಗೆಲುವು. ಸೆಪ್ಟೆಂಬರ್‌ನಲ್ಲಿ ಫಿಫಾ ಶಿಸ್ತು ಸಮಿತಿ, ವಿದೇಶದಲ್ಲಿ ಹುಟ್ಟಿದ ಏಳು ಆಟಗಾರರ ದಾಖಲೆ ತಿದ್ದಲಾಗಿದೆ ಎಂದು ತೀರ್ಮಾನಿಸಿತು. ಅಜ್ಜ ಅಜ್ಜಿಯರು ಮಲೇಷ್ಯಾದಲ್ಲಿ ಹುಟ್ಟಿದ್ದರು ಎಂದು ಸಲ್ಲಿಸಿದ್ದ ಕಾಗದಕ್ಕೂ ಅರ್ಜೆಂಟೀನಾ, ಬ್ರೆಜಿಲ್, ಸ್ಪೇನ್, ನೆದರ್‌ಲ್ಯಾಂಡ್ಸ್‌ನ ಮೂಲ ನೋಂದಣಿಗೂ ತಾಳೆಯಾಗಲಿಲ್ಲ. ಫೆಡರೇಷನ್‌ಗೆ 3,50,000 ಸ್ವಿಸ್ ಫ್ರಾಂಕ್ ದಂಡ. ಆಟಗಾರರಿಗೆ ತಲಾ 2,000 ಫ್ರಾಂಕ್ ದಂಡ, 12 ತಿಂಗಳ ನಿಷೇಧ. ಕಾಗದ ಯಾರೇ ಸಿದ್ಧಪಡಿಸಿರಲಿ, ನಿಷೇಧದ ತೀರ್ಪು ಆಟಗಾರರ ಹೆಸರಿಗೂ ಬಂತು.

ವಂಶದ ನಂಟು ಇಲ್ಲದೆ ವಾಸದ ಆಧಾರದ ಮೇಲೆ ಹೊಸ ಪೌರತ್ವ ಪಡೆದವರಿಗೆ ಲೆಕ್ಕ ಬೇರೆ. 10 ವರ್ಷಕ್ಕೆ ಮೊದಲೇ ಬಂದು ನೆಲೆಸಿದ್ದರೆ 3 ವರ್ಷ, ಆಮೇಲೆ ಬಂದಿದ್ದರೆ 5 ವರ್ಷ ವಾಸ ತೋರಿಸಬೇಕು.

ಬಾಕ್ಸ್‌ನೊಳಗೆ

ಒಂದೇ ಬಾರಿ ಎನ್ನುವ ಅಂಶ ಒಪ್ಪಿದೆ. ಕ್ಲಬ್ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಯಾವ ದೇಶದ ಜೆರ್ಸಿ ಎನ್ನುವುದು ಒಂದು ವಿಷಯ, ಯಾವ ಪಾಸ್‌ಪೋರ್ಟ್ ಮೇಲೆ ಲೀಗ್‌ನಲ್ಲಿ ಹೆಸರು ನೋಂದಾಯಿಸುತ್ತಾರೆ ಎನ್ನುವುದು ಬೇರೆ ವಿಷಯ. ಕ್ರಿಶ್ಚಿಯನ್ ಪುಲಿಸಿಕ್ ಆಡುವುದು ಅಮೆರಿಕಕ್ಕೆ. ಆದರೆ 16ರ ವಯಸ್ಸಿಗೇ ಜರ್ಮನಿಯ ಡಾರ್ಟ್ಮಂಡ್ ಕ್ಲಬ್ ಸೇರಿ ಆಡಲು ಸಾಧ್ಯವಾದದ್ದು ಅಜ್ಜನ ಕಡೆಯಿಂದ ಬಂದ ಕ್ರೊಯೇಷ್ಯಾ ಪೌರತ್ವದಿಂದ. 18 ತುಂಬದವರ ಅಂತರರಾಷ್ಟ್ರೀಯ ವರ್ಗಾವಣೆಯನ್ನು ಫಿಫಾ ನಿಷೇಧಿಸಿದೆ, ಯುರೋಪಿಯನ್ ಒಕ್ಕೂಟದೊಳಗೆ 16ರಿಂದ 18ರವರಿಗೆ ವಿನಾಯಿತಿ ಇದೆ. ಬೆಳೆಯುವ ಫಾರ್ವರ್ಡ್‌ಗೆ ಆ ಎರಡು ವರ್ಷದ ತರಬೇತಿ ಎಂಥ ಬೆಲೆಯದು ಎಂದು ಬಿಡಿಸಿ ಹೇಳಬೇಕಿಲ್ಲ.

ಸ್ಪೇನ್ ಲೀಗ್‌ನಲ್ಲಿ ಒಕ್ಕೂಟದ ಹೊರಗಿನವರಿಗೆ ಒಂದು ಕ್ಲಬ್‌ನಲ್ಲಿ 3 ಸ್ಥಾನ ಮಾತ್ರ. ಲ್ಯಾಟಿನ್ ಅಮೆರಿಕದವರು ಅಲ್ಲಿ 2 ವರ್ಷ ಕಾನೂನುಬದ್ಧವಾಗಿ ವಾಸಿಸಿದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ವಿನಿಸಿಯಸ್ ಜೂನಿಯರ್‌ಗೆ 2022ರಲ್ಲಿ ಸ್ಪೇನ್ ಪೌರತ್ವ ಬಂದಾಗ ರಿಯಲ್ ಮ್ಯಾಡ್ರಿಡ್‌ಗೆ ಒಂದು ಸ್ಥಾನ ಖಾಲಿಯಾಯಿತು, ಅವನು ಬ್ರೆಜಿಲ್‌ಗೆ ಆಡುವುದು ನಿಲ್ಲಲಿಲ್ಲ.

ಮಟೆಯೊ ರೆಟೆಗಿ ವಿಷಯದಲ್ಲಿ ಎರಡೂ ಒಟ್ಟಿಗೆ ಕೂಡಿಬಂದವು. ಅರ್ಜೆಂಟೀನಾದಲ್ಲಿ ಹುಟ್ಟಿದವನು, ತಾಯಿಯ ತಂದೆಯ ಕಡೆಯಿಂದ ಇಟಲಿ ಪೌರತ್ವ. ಟಿಗ್ರೆ ಕ್ಲಬ್‌ನಲ್ಲಿ ಆಡುತ್ತಿದ್ದಾಗಲೇ 2023ರ ಮಾರ್ಚ್‌ನಲ್ಲಿ ಇಟಲಿಗೆ ಆಯ್ಕೆಯಾಗಿ ಇಂಗ್ಲೆಂಡ್ ವಿರುದ್ಧ ಮೊದಲ ಪಂದ್ಯದಲ್ಲೇ ಗೋಲ್ ಹೊಡೆದ. ಅದೇ ಬೇಸಿಗೆಯಲ್ಲಿ ಜಿನೋವಾ, ಮರುವರ್ಷ ಅಟಲಾಂಟಾ, 2024-25ರಲ್ಲಿ 25 ಗೋಲ್‌ಗಳೊಂದಿಗೆ ಇಟಲಿಯ ಅಗ್ರ ಲೀಗ್ ಸೀರಿ ಎಯ ಅಗ್ರ ಗೋಲ್‌ಗಾರ. ಇಟಲಿ ತಂಡದಲ್ಲಿ ನಂಬರ್ 9 (ಮಧ್ಯದ ಮುಖ್ಯ ಸ್ಟ್ರೈಕರ್) ಜಾಗ ಬರಿದಾಗಿದ್ದ ಹೊತ್ತು ಅದು. ಅರ್ಜೆಂಟೀನಾದಲ್ಲಿ ಆಗ ಹೂಲಿಯನ್ ಅಲ್ವಾರೆಸ್, ಲೌಟಾರೊ ಮಾರ್ಟಿನೆಸ್ ಇಬ್ಬರೂ ಇದ್ದರು.

ಹೋಮ್‌ಗ್ರೋನ್ ನಿಯಮವನ್ನು ಮಾತ್ರ ಪಾಸ್‌ಪೋರ್ಟ್ ಜೊತೆ ಬೆರೆಸಬೇಡಿ. ಯುರೋಪ್‌ನ ಫುಟ್‌ಬಾಲ್ ಸಂಸ್ಥೆ ಯುಯೆಫಾದ ಟೂರ್ನಿಗಳ 25 ಜನರ ಪಟ್ಟಿಯಲ್ಲಿ 8 ಸ್ಥಾನ ಸ್ಥಳೀಯವಾಗಿ ತರಬೇತಾದವರಿಗೆ. ಅಲ್ಲಿ ನೋಡುವುದು 15ರಿಂದ 21ರೊಳಗೆ ಆ ದೇಶದ ಕ್ಲಬ್‌ನಲ್ಲಿ 3 ಸೀಸನ್ ಅಥವಾ 36 ತಿಂಗಳು ಇದ್ದನೇ ಎಂದು, ಪೌರತ್ವ ಯಾವುದಾದರೂ ಆಗಲಿ.

ನಿಮ್ಮ ಹುಡುಗನಿಗೆ ಫ್ರೆಂಚ್ ಪಾಸ್‌ಪೋರ್ಟ್ ಇರುವುದರಿಂದ ಒಕ್ಕೂಟದ ದೇಶಗಳಲ್ಲಿ ವಿದೇಶಿ ಸ್ಥಾನದ ಚಿಂತೆ ಇಲ್ಲ, ಸೆನೆಗಲ್‌ಗೆ ಆಡಿದರೂ ಇಲ್ಲ. ಇಂಗ್ಲೆಂಡ್‌ನಲ್ಲಿ ಹಾಗಲ್ಲ. ಬ್ರೆಕ್ಸಿಟ್ ನಂತರ ಫ್ರೆಂಚರಿಗೂ ಅಲ್ಲಿನ ಸಂಸ್ಥೆಯ ಅನುಮೋದನೆ ಬೇಕು, ಅದಕ್ಕೆ 15 ಅಂಕ ಗಳಿಸಬೇಕು. ಸೀನಿಯರ್ ತಂಡದ ಅಧಿಕೃತ ಪಂದ್ಯಗಳಲ್ಲಿ ಎಷ್ಟು ಪಾಲು ಆಡಿದ್ದಾನೆ ಎನ್ನುವುದಕ್ಕೂ ಅಂಕ ಸಿಗುತ್ತದೆ. ಫ್ರಾನ್ಸ್ ಕರೆಗೆ ಕಾಯುತ್ತ ಒಂದೂ ಪಂದ್ಯ ಇಲ್ಲದವನಿಗಿಂತ ಸೆನೆಗಲ್‌ಗೆ ನಿಯಮಿತವಾಗಿ ಆಡುವವನಿಗೆ ಇಲ್ಲಿ ಅನುಕೂಲ.

ಕಾರ್ನರ್_ಫ್ಲ್ಯಾಗ್

ಸೆನೆಗಲ್ ಆರಿಸಿಕೊಂಡರೆ ಕ್ಯಾಲೆಂಡರ್ ಕೂಡ ನೋಡಿಕೊಳ್ಳಲಿ. ಆಫ್ರಿಕಾ ಕಪ್ ಬರುವುದು ಹೆಚ್ಚಾಗಿ ಯುರೋಪ್ ಸೀಸನ್ ನಡುವೆ. ಹಿಂದಿನ ಎರಡು ಟೂರ್ನಿಗಳು 2024ರ ಜನವರಿ 13ರಿಂದ ಫೆಬ್ರವರಿ 11, 2025ರ ಡಿಸೆಂಬರ್ 21ರಿಂದ 2026ರ ಜನವರಿ 18. ಆ ನಾಲ್ಕೈದು ವಾರದಲ್ಲಿ ಕ್ಲಬ್ ಇನ್ನೊಬ್ಬ ಸ್ಟ್ರೈಕರ್‌ನನ್ನು ಆಡಿಸುತ್ತದೆ. ಜನವರಿ ಟ್ರಾನ್ಸ್‌ಫರ್ ಮಾರುಕಟ್ಟೆ ತೆರೆದಿರುವ ಹೊತ್ತೂ ಅದೇ. ಡಿಫೆಂಡರ್‌ಗಿಂತ ಫಾರ್ವರ್ಡ್‌ಗೆ ಇದರ ಪೆಟ್ಟು ಜಾಸ್ತಿ, ಬದಲಿಗೆ ಬಂದವನು ನಾಲ್ಕು ಗೋಲ್ ಹೊಡೆದರೆ ಜಾಗ ವಾಪಸ್ ಸಿಗುವುದು ಕಷ್ಟ.

ಒಪ್ಪಂದದಲ್ಲಿ "ಆಫ್ರಿಕಾ ಕಪ್‌ಗೆ ಹೋಗುವುದಿಲ್ಲ" ಎಂದು ಬರೆಸಿಕೊಳ್ಳಲು ಯಾವುದಾದರೂ ಕ್ಲಬ್ ಮುಂದಾದರೆ ಸಹಿ ಹಾಕಬಾರದು. ಅಂತರರಾಷ್ಟ್ರೀಯ ಕ್ಯಾಲೆಂಡರ್‌ನ ಪಂದ್ಯಗಳಿಗೆ ಆಟಗಾರನನ್ನು ಬಿಟ್ಟುಕೊಡುವುದು ಕ್ಲಬ್‌ಗೆ ಕಡ್ಡಾಯ. ಅದಕ್ಕೆ ವಿರುದ್ಧವಾದ ಯಾವ ಒಪ್ಪಂದವನ್ನೂ ಫಿಫಾ ನಿಯಮ ನಿಷೇಧಿಸುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಈ ವಿಂಡೋದಲ್ಲಿ ಅವನು ಆಡುವುದು ಬೇಡ. ಕರೆಗೆ ಗೌರವದಿಂದ ಉತ್ತರಿಸಿ, ಸೆನೆಗಲ್ ಕೋಚ್ ಜೊತೆ ಮಾತಾಡಿ, ತನ್ನನ್ನು ನಂಬರ್ 9ಕ್ಕೆ ನೋಡುತ್ತಿದ್ದಾರೋ ರೆಕ್ಕೆ ಕಡೆಗೋ (ಅಂಗಳದ ಅಂಚಿನ ವಿಂಗ್ ಸ್ಥಾನಕ್ಕೋ) ಎಂದು ಕೇಳಿಕೊಳ್ಳಲಿ. ಅಷ್ಟರಲ್ಲಿ ಪೌರತ್ವ ಹುಟ್ಟಿನಿಂದಲೇ ಇದೆ ಎಂಬ ಪ್ರಮಾಣಪತ್ರ ತೆಗೆಸಿಡಲಿ. ಮನಸ್ಸು ಗಟ್ಟಿಯಾದ ಮೇಲೆ, ಮುಂದಿನ ವಿಂಡೋಗೆ ಎರಡು ಮೂರು ತಿಂಗಳು ಇರುವಾಗಲೇ ಅರ್ಜಿ ಹೋಗಲಿ.